ಆಸ್ಥಾನದ ಚಿತ್ರಕಾರ ವೆಂಕಟಪ್ಪನವರು

ರೋಣ ತಾಲೂಕಿನ ಮೆಣಸಗಿ ಮೊದಲಾದ ಹೊಳೆಸಾಲಿನ ಊರುಗಳ ವಾಚಕರಿಗೆ ಚಿತ್ರಗಾರನು ಹೊಸಬನಲ್ಲ. ದ್ಯಾಮವ್ವನ ಜಾತ್ರೆ ಹತ್ತಿರ ಬಂದಿತೆಂದರೆ ಊರ ಹಿರಿಯರು ಅವನಿಗೆ ಹೇಳಿಕಳಿಸುತ್ತಾರೆ. ಅವನು ಬಂದು ಮಾಸಿದ ಮೂರ್ತಿಗೆ ಬಣ್ಣವೇರಿಸಿ, ಕೊನೆಗೆ ಕಣ್ಣು ಬರೆದು, ದೇವಿಯನ್ನು ದೇವಿಯನ್ನಾಗಿ ಮಾಡಿ ಹೋಗುತ್ತಾನೆ. ಕೊಪ್ಪಳದ ಕಡೆಯ ಕಿನ್ನಾಳದ ಚಿತ್ರಗಾರರು ಈ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಆದರೆ ಜಾತ್ರೆ ಮುಗಿದ ಮೇಲೆ ಆ ಕಣ್ಣು ಬರೆದವನು ಯಾರೆಂದು ಕೇಳುವವರು ಎಷ್ಟು ಜನ? ಈ ಮರೆವು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಮಲಪ್ರಭೆಯ ಆಚೆಗಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಹೆಸರು ಕ್ರಿ.ಶ. 578ರ ಶಾಸನದಲ್ಲಿ ನಿಂತಿದೆ. ಅದೇ ಗುಹೆಯ ಸೂರಿನ ಮರೆಯಲ್ಲಿ ಮಾಸಿ ಉಳಿದಿರುವ ವರ್ಣಚಿತ್ರಗಳನ್ನು ಬರೆದವನ ಹೆಸರು ಆ ಶಾಸನದಲ್ಲಿಲ್ಲ. ಮಾಡಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಮಾಡಿದವನ ಹೆಸರು ಬಣ್ಣದೊಡನೆ ಅಳಿಯಿತು.

ಈ ಕಾರಣದಿಂದಲೇ ಚಿತ್ರಕಾರ ಕೆ. ವೆಂಕಟಪ್ಪನವರ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ಮೈಸೂರಿನವರು, ಅರಮನೆಯನ್ನು ನಂಬಿ ಬದುಕಿದ ಚಿತ್ರಕಾರರ ಮನೆತನದಲ್ಲಿ ಜನಿಸಿದವರು, ತಾವೂ ಅರಮನೆಯ ಆಶ್ರಯದಲ್ಲಿಯೇ ಬೆಳೆದವರು. ಆದರೂ ತಮ್ಮ ಹೆಸರನ್ನು ಮಾಡಿಸಿದವನ ಹೆಸರಿನಲ್ಲಿ ಕರಗಿಹೋಗಲು ಅವರು ಬಿಡಲಿಲ್ಲ. ರಾಜನಲ್ಲಿ ಭಕ್ತಿಯಿದ್ದೂ ಸೇವಕನೆನ್ನಿಸಿಕೊಳ್ಳದೆ ಇರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಅವರ ಎಪ್ಪತ್ತೊಂಬತ್ತು ವರ್ಷಗಳ ಜೀವಿತವೇ ಉತ್ತರವಾಗಿದೆ. ಆ ಉತ್ತರ ಸುಲಭವಾದುದಾಗಿರಲಿಲ್ಲ.

ಮೊದಲು ಮೈಸೂರಿನ ಚಿತ್ರಕಲೆಯ ಪೂರ್ವಸ್ಥಿತಿಯನ್ನು ಸ್ವಲ್ಪ ಅರಿಯಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಿ, ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಂಹಾಸನ ದೊರೆಯಿತು. 1831ರಲ್ಲಿ ಆಳ್ವಿಕೆಯ ಅಧಿಕಾರವು ಅವರ ಕೈತಪ್ಪಿ ಇಂಗ್ಲಿಷ್ ಕಮಿಶನರರ ಕೈ ಸೇರಿತು. ರಾಜ್ಯಭಾರವಿಲ್ಲದ ಆ ರಾಜರು ವಿದ್ಯೆ ಮತ್ತು ಕಲೆಗಳ ಪೋಷಣೆಯಲ್ಲಿ ತಮ್ಮ ರಾಜತ್ವವನ್ನು ಉಳಿಸಿಕೊಂಡರೆಂದರೆ ತಪ್ಪಾಗದು. ದೇವತೆಗಳ ರೂಪಲಕ್ಷಣಗಳನ್ನು ಚಿತ್ರಸಮೇತ ಸಂಗ್ರಹಿಸಿದ ಶ್ರೀತತ್ತ್ವನಿಧಿಯು ಅವರ ಕಾಲದ್ದು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯೂ ಅದರ ಗೋಡೆಯ ಚಿತ್ರಗಳೂ ಅವರ ಕಾಲದವೇ. ಆ ಕಾಲದ ಚಿತ್ರಗಾರನು ಹುಣಿಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದನು. ಅಳಿಲಿನ ಕೂದಲಿನಿಂದ ಕುಂಚ ಕಟ್ಟಿಕೊಳ್ಳುತ್ತಿದ್ದನು. ಸಫೇದ ಮತ್ತು ಅಂಟಿನ ಲೇಪದಿಂದ ಆಭರಣಗಳನ್ನೂ ಪ್ರಭಾವಳಿಯನ್ನೂ ತೆಳ್ಳಗೆ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದನು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ವಿದ್ಯೆಯಲ್ಲಿ ಕೈಚಳಕವು ಅಪಾರವಾಗಿದ್ದಿತು. ಚಿತ್ರದ ಕೆಳಗೆ ಹೆಸರು ಬರೆಯುವ ರೂಢಿ ಮಾತ್ರ ಅಪರೂಪವಾಗಿದ್ದಿತು.

1881ರಲ್ಲಿ ಅಧಿಕಾರವು ರಾಜಮನೆತನಕ್ಕೆ ಮರಳಿ ಬಂದ ಮೇಲೆ ಕಾಲ ಬದಲಾಯಿತು. ಫೋಟೋ ತೆಗೆಯುವ ಯಂತ್ರವು ಬಂದಿತು. ಇದ್ದವರನ್ನು ಇದ್ದಂತೆಯೇ ತೋರಿಸುವ ತೈಲಚಿತ್ರಗಳಲ್ಲಿ ರಾಜರಿಗೆ ಅಭಿರುಚಿ ಹುಟ್ಟಿತು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ತಿರುವಾಂಕೂರು ಸೀಮೆಯ ರಾಜಾ ರವಿವರ್ಮರು ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದರು. ಮುಂದೆ ಅವರ ಅಂತ್ಯಕಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಂದ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ರವಿವರ್ಮರ ಮುದ್ರಿತ ಚಿತ್ರಪಟಗಳು ಬಡವನ ಮನೆಯ ಗೋಡೆಗೂ ಲಕ್ಷ್ಮೀ ಸರಸ್ವತಿಯರನ್ನು ತಂದುಕೊಟ್ಟುವು. ಅವರ ಕೀರ್ತಿಗೆ ನಾವು ಕುಂದೆಣಿಸುವವರಲ್ಲ. ಆದರೆ ಚಿನ್ನದ ರೇಕಿನ ಕೆಲಸವನ್ನೇ ನಂಬಿದ್ದ ಮೈಸೂರಿನ ಪರಂಪರೆಯ ಚಿತ್ರಗಾರರ ಮಕ್ಕಳು ಮುಂದೇನು ಕಲಿಯಬೇಕು, ಯಾರಿಂದ ಕಲಿಯಬೇಕು ಎಂಬ ಪ್ರಶ್ನೆ ಇದರಿಂದ ಎದ್ದಿತೆಂಬುದು ನಿಜ.

ಅಂಥ ಮಕ್ಕಳಲ್ಲಿ ಒಬ್ಬರು ವೆಂಕಟಪ್ಪನವರು. ಅವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಕೃಷ್ಣಪ್ಪನವರು ಅರಮನೆಗೆ ಕೆಲಸ ಮಾಡುತ್ತಿದ್ದ ಚಿತ್ರಗಾರರು. ಬಾಲಕನು ಹತ್ತು ಹನ್ನೊಂದರ ಪ್ರಾಯದಲ್ಲಿದ್ದಾಗ, 1897ರಲ್ಲಿ, ರಾಜಕುಮಾರಿಯ ವಿವಾಹದ ಕಾಲಕ್ಕೆ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಜ್ಞರ ನಕ್ಷೆಯಂತೆ ಆರಂಭವಾದ ಹೊಸ ಅರಮನೆಯು ಪೂರ್ಣವಾದುದು 1912ರಲ್ಲಿ. ಹದಿನೈದು ವರ್ಷಗಳ ಆ ಕಾಲವೆಲ್ಲ ಮೈಸೂರು ನಗರವು ಕಲ್ಲುಕುಟಿಗರು, ಬಡಗಿಗಳು, ಬಣ್ಣಗಾರರು ಮುಂತಾದ ಕುಶಲಿಗಳ ಒಂದು ದೊಡ್ಡ ಪಾಠಶಾಲೆಯಂತೆ ಇದ್ದಿತು. ಕೈಕೆಲಸದ ಮನೆತನದಲ್ಲಿ ಹುಟ್ಟಿದ ಹುಡುಗನಿಗೆ ಇದಕ್ಕಿಂತ ಮೇಲಾದ ನೆರೆಹೊರೆ ಎಲ್ಲಿ ದೊರೆತೀತು?

1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ಣಾಧಿಕಾರವನ್ನು ವಹಿಸಿಕೊಂಡರು. ಆಗ ಪ್ರಭುವಿಗೆ ಹದಿನೆಂಟರ ಪ್ರಾಯ. ಚಿತ್ರಗಾರರ ಹುಡುಗನಿಗೆ ಹದಿನಾರು. ಹುಡುಗನ ಕೈಚಳಕವು ಮಹಾರಾಜರ ದೃಷ್ಟಿಗೆ ಬಿದ್ದುದು ಆ ದಿನಗಳಲ್ಲಿಯೇ. ಮಹಾರಾಜರು ಅವನನ್ನು ಮನೆತನದ ಕೆಲಸಕ್ಕೆ ಹಚ್ಚಿ ಕೈತೊಳೆದುಕೊಳ್ಳಲಿಲ್ಲ, ವಿದ್ಯೆ ಕೊಡಿಸಿದರು. ಮೈಸೂರಿನ ಕೈಗಾರಿಕಾ ಶಾಲೆ, ಅನಂತರ ಮದರಾಸಿನ ಸರಕಾರಿ ಕಲಾಶಾಲೆ, ಕಡೆಗೆ 1909ರಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವೆಂಕಟಪ್ಪನವರು ಮೇಲೇರಿದರು. ಆಸ್ಥಾನದ ವೆಚ್ಚದಿಂದ ಒಬ್ಬ ಚಿತ್ರಗಾರನ ಮಗನನ್ನು ಅಷ್ಟು ದೂರದ ವಂಗದೇಶಕ್ಕೆ ಕಳುಹಿಸಿದುದು ಆ ಪ್ರಭುವಿನ ದೂರದೃಷ್ಟಿಗೆ ಸಾಕ್ಷಿಯಾಗಿದೆ. ಈ ಉಪಕಾರವನ್ನು ಮರೆತು ಮುಂದಿನ ಕಥೆಯನ್ನು ಹೇಳುವುದು ನ್ಯಾಯವಾಗಲಾರದು.

ಆಗಿನ ಕಲಕತ್ತೆಯ ವಾತಾವರಣವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. 1905ರ ವಂಗಭಂಗದಿಂದ ಹೊತ್ತಿಕೊಂಡ ಸ್ವದೇಶಿಯ ಜ್ವಾಲೆಯು ಅರಿವೆ ಸಕ್ಕರೆಗಳಲ್ಲಿಗೇ ನಿಲ್ಲದೆ ಚಿತ್ರದ ಬಟ್ಟಲಿಗೂ ತಾಗಿದ್ದಿತು. ಕಲಾಶಾಲೆಯ ಮುಖ್ಯರಾಗಿದ್ದ ಹ್ಯಾವೆಲ್ ಎಂಬ ಆಂಗ್ಲರು, ಭಾರತದ ವಿದ್ಯಾರ್ಥಿಗಳು ಯುರೋಪಿನ ಮೂರ್ತಿಗಳನ್ನು ನೋಡಿ ನಕಲು ಮಾಡುವುದಕ್ಕಿಂತ ತಮ್ಮ ದೇಶದ ಕಲೆಯನ್ನು ಅಭ್ಯಾಸ ಮಾಡಬೇಕೆಂದು ಹಟ ಹಿಡಿದು, ಅವನೀಂದ್ರನಾಥ ಠಾಕೂರರನ್ನು ಉಪಮುಖ್ಯರನ್ನಾಗಿ ತಂದಿದ್ದರು. 1907ರಲ್ಲಿ ಪ್ರಾಚ್ಯಕಲೆಯ ಸಂಘವೂ ಸ್ಥಾಪನೆಯಾಗಿದ್ದಿತು. ವೆಂಕಟಪ್ಪನವರು ಹೋಗುವ ಹೊತ್ತಿಗೆ ಹ್ಯಾವೆಲ್ಲರು ಹೊರಟುಹೋಗಿ ಪರ್ಸಿ ಬ್ರೌನರು ಮುಖ್ಯರಾಗಿದ್ದರು; ಅವನೀಂದ್ರರ ಸುತ್ತ ನಂದಲಾಲ ಬಸು, ಅಸಿತಕುಮಾರ ಹಾಲದಾರ, ಸಮರೇಂದ್ರನಾಥ ಗುಪ್ತ, ಕ್ಷಿತೀಂದ್ರನಾಥ ಮಜುಮದಾರ ಇವರೇ ಮೊದಲಾದ ಶಿಷ್ಯಮಂಡಲಿ ನೆರೆದಿದ್ದಿತು. ಆ ಮಂಡಲಿಯಲ್ಲಿ ಕನ್ನಡನಾಡಿನಿಂದ ಹೋಗಿ ಕುಳಿತವರು ವೆಂಕಟಪ್ಪನವರು. ಭಾಷೆ ಬೇರೆ, ಊಟ ಬೇರೆ. ರೇಖೆಯ ಭಾಷೆ ಒಂದೇ.

ಅಲ್ಲಿ ಅವರು ಕಲಿತ ಪದ್ಧತಿಯು ಮನೆತನದ ಪದ್ಧತಿಗೆ ತೀರ ವಿರುದ್ಧವಾದುದು. ಮೈಸೂರಿನ ಚಿತ್ರದಲ್ಲಿ ಬಣ್ಣವು ಗಟ್ಟಿ, ಚಿನ್ನವು ಉಜ್ವಲ. ಅವನೀಂದ್ರರ ಪದ್ಧತಿಯಲ್ಲಾದರೋ ಕಾಗದದ ಮೇಲೆ ತೆಳುವಾದ ಬಣ್ಣ ಹಚ್ಚಿ, ಅದು ಆರಿದ ಮೇಲೆ ಕಾಗದವನ್ನೇ ನೀರಿನಲ್ಲಿ ತೋಯಿಸಿ, ಉಳಿದ ಬಣ್ಣದ ಮೇಲೆ ಮತ್ತೆ ಬಣ್ಣ ಹಚ್ಚಿ, ಹೀಗೆ ಹಲವು ಸಲ ಮಾಡಿ, ಮಂಜಿನೊಳಗಿಂದ ರೂಪವು ಮೂಡಿಬಂದಂತೆ ಮಾಡುವುದು. 1903ರ ಸುಮಾರಿಗೆ ಕಲಕತ್ತೆಗೆ ಬಂದಿದ್ದ ತೈಕಾನ್, ಶುನ್ಸೋ ಎಂಬ ಜಪಾನೀ ಚಿತ್ರಕಾರರ ಕೆಲಸವನ್ನು ನೋಡಿ ಅವನೀಂದ್ರರು ಇದನ್ನು ರೂಢಿಸಿಕೊಂಡಿದ್ದರು. ವೆಂಕಟಪ್ಪನವರು ಗುರುವಿನ ಈ ವಿದ್ಯೆಯನ್ನು ಶ್ರದ್ಧೆಯಿಂದ ಸ್ವೀಕರಿಸಿದರು. ಆದರೆ ಚಿತ್ರಗಾರರ ಮನೆಯ ರಕ್ತವು ಅವರ ರೇಖೆಯನ್ನು ಮಂಜಿನಲ್ಲಿ ಮಸುಕಾಗಗೊಡಲಿಲ್ಲ. ಖಚಿತವಾದ ಗೆರೆ, ಕೂದಲೆಳೆಯಷ್ಟು ಸೂಕ್ಷ್ಮವಾದ ವಿವರ, ಇವೆರಡೂ ಅವರ ಕೆಲಸದಲ್ಲಿ ಕಡೆಯವರೆಗೂ ಉಳಿದುವು.

ಆ ದಿನಗಳಲ್ಲಿಯೇ ಅಜಂತೆಯ ಯಾತ್ರೆಯೂ ಒದಗಿತು. ಅಜಂತೆಯ ಚಿತ್ರಗಳಿಗೆ ಮೊದಲು ಮೇಜರ್ ಗಿಲ್ ಎಂಬವರು ವರ್ಷಗಟ್ಟಲೆ ಕುಳಿತು ಮಾಡಿದ ಪ್ರತಿಗಳಲ್ಲಿ ಬಹುಭಾಗವು 1866ರಲ್ಲಿ ಲಂಡನ್ನಿನಲ್ಲಿ ಸುಟ್ಟುಹೋಗಿದ್ದುವು. ಅನಂತರ ಗ್ರಿಫಿತ್ಸರು ಮುಂಬಯಿಯ ವಿದ್ಯಾರ್ಥಿಗಳಿಂದ ಮಾಡಿಸಿದ ಪ್ರತಿಗಳಲ್ಲಿಯೂ ಅನೇಕವು 1885ರಲ್ಲಿ ಅಲ್ಲಿಯೇ ಬೆಂಕಿಗೆ ತುತ್ತಾಗಿದ್ದುವು. ಆದುದರಿಂದ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು 1909ರಿಂದ 1911ರವರೆಗಿನ ಎರಡು ಚಳಿಗಾಲಗಳಲ್ಲಿ ಗುಹೆಗಳ ಬಳಿ ಡೇರೆ ಹಾಕಿ ಹೊಸ ಪ್ರತಿಗಳನ್ನು ಮಾಡಿಸಿದರು. ಆ ಕೆಲಸಕ್ಕೆ ಹೋದ ಅವನೀಂದ್ರರ ಶಿಷ್ಯರಲ್ಲಿ ನಂದಲಾಲ, ಅಸಿತಕುಮಾರ, ಸಮರೇಂದ್ರನಾಥರೊಡನೆ ವೆಂಕಟಪ್ಪನವರೂ ಇದ್ದರು. ಹೆಸರಿಲ್ಲದ ಆ ಪ್ರಾಚೀನ ಚಿತ್ರಗಾರರ ಒಂದೊಂದು ಗೆರೆಯನ್ನೂ ಮಂದವಾದ ಬೆಳಕಿನಲ್ಲಿ ಹಿಂಬಾಲಿಸಿ ಮತ್ತೆ ಎಳೆಯುವುದೆಂದರೆ, ಸಾವಿರದೈನೂರು ವರ್ಷಗಳ ಹಿಂದಿನ ಗುರುವಿನ ಕೈಯನ್ನು ಹಿಡಿದು ಅಕ್ಷರಾಭ್ಯಾಸ ಮಾಡಿದಂತೆಯೇ. ಆ ಪ್ರತಿಗಳು 1915ರಲ್ಲಿ ಗ್ರಂಥರೂಪವಾಗಿ ಲಂಡನ್ನಿನಲ್ಲಿ ಪ್ರಕಟವಾದುವು.

ವಿದ್ಯಾರ್ಥಿದೆಶೆಯಲ್ಲಿಯೇ ಅವರ ಹೆಸರು ಸಮುದ್ರವನ್ನು ದಾಟಿತು. ಭಗಿನಿ ನಿವೇದಿತೆಯವರು ಆರಂಭಿಸಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥವು 1913ರಲ್ಲಿ ಹೊರಬಂದಾಗ, ಅದರ ರಾಮಾಯಣದ ಚಿತ್ರಗಳಲ್ಲಿ ಹಲವು ವೆಂಕಟಪ್ಪನವರ ಕೈಯವಾಗಿದ್ದುವು. 1914ರಲ್ಲಿ ಅವನೀಂದ್ರರು ಭಾರತೀಯ ಚಿತ್ರಶಾಸ್ತ್ರದಲ್ಲಿನ ಶರೀರಲಕ್ಷಣಗಳನ್ನು ಕುರಿತು ಪ್ರಕಟಿಸಿದ ಚಿಕ್ಕ ಪುಸ್ತಕಕ್ಕೆ ರೇಖಾಚಿತ್ರಗಳನ್ನು ಬರೆದವರು ನಂದಲಾಲರೂ ವೆಂಕಟಪ್ಪನವರೂ. ಮೀನಿನಂಥ ಕಣ್ಣು, ಸಿಂಹಕಟಿ, ಆನೆಯ ಸೊಂಡಿಲಿನಂಥ ತೋಳು ಎಂದು ನಮ್ಮ ಕವಿಗಳು ಹೇಳುವುದು ಬರಿಯ ಮಾತಿನ ಅಲಂಕಾರವಲ್ಲ, ಚಿತ್ರಕಾರನಿಗೆ ಅದು ಅಳತೆಯೂ ಹೌದು ಎಂಬುದನ್ನು ಆ ಪುಸ್ತಕವು ಲೋಕಕ್ಕೆ ತೋರಿಸಿಕೊಟ್ಟಿತು.

ಆ ಗುರುವಿನ ಶಿಷ್ಯರು ಮುಂದೆ ನಾಲ್ಕು ದಿಕ್ಕಿಗೂ ಹಬ್ಬಿದರು. ನಂದಲಾಲರು ಶಾಂತಿನಿಕೇತನದ ಕಲಾಭವನಕ್ಕೆ ಜೀವವಾದರು. ಅಸಿತಕುಮಾರರು ಲಖನೌದಲ್ಲಿ, ಸಮರೇಂದ್ರನಾಥರು ಲಾಹೋರಿನಲ್ಲಿ ಕಲಾಶಾಲೆಗಳ ಮುಖ್ಯರಾದರು. ವೆಂಕಟಪ್ಪನವರು 1916ರ ಸುಮಾರಿಗೆ ಮೈಸೂರಿಗೆ ಮರಳಿದರು. ತಮ್ಮನ್ನು ಕಳುಹಿಸಿದ ಪ್ರಭುವಿನ ಆಸ್ಥಾನಕ್ಕೇ ಅವರು ಬಂದರು. ಆದರೆ ಮರಳಿ ಬಂದವರು ಹೋದ ಹುಡುಗನಾಗಿರಲಿಲ್ಲ. ಚಿತ್ರವೆಂಬುದು ಹೇಳಿದಂತೆ ಬರೆದುಕೊಡುವ ಕಸುಬಲ್ಲ, ತಪಸ್ಸು. ಬರೆಯುವವನು ಕೂಲಿಯವನಲ್ಲ, ಆಚಾರ್ಯನು ಎಂಬ ಭಾವನೆಯನ್ನು ಅವರು ಕಲಕತ್ತೆಯಿಂದ ತಂದಿದ್ದರು. ಅರಮನೆಯ ಉಗ್ರಾಣದ ಲೆಕ್ಕದಲ್ಲಿ ಮಾತ್ರ ಚಿತ್ರಗಾರನೆಂದರೆ ಹಿಂದಿನಿಂದ ಬಂದ ಚಿತ್ರಗಾರನೇ. ಮುಂದಿನ ಕ್ಲೇಶಗಳಿಗೆಲ್ಲ ಮೂಲವು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಆಸ್ಥಾನಕ್ಕೆ ಬೇಕಾದುದು ಭಾವಚಿತ್ರ. ವೆಂಕಟಪ್ಪನವರು ಅದನ್ನು ತಮ್ಮ ರೀತಿಯಲ್ಲಿ ಕೊಟ್ಟರು. ಗೋಡೆ ತುಂಬುವ ತೈಲಚಿತ್ರಗಳ ಕಾಲದಲ್ಲಿ ಅವರು ಆನೆಯ ದಂತದ ತೆಳುವಾದ ಬಿಲ್ಲೆಗಳ ಮೇಲೆ, ಅಂಗೈಯಲ್ಲಿ ಅಡಗುವಂಥ ಚಿತ್ರಗಳನ್ನು ಬರೆದರು. ನಾಲ್ವಡಿಯವರ ಮುಖವನ್ನು ದಂತದ ಮೇಲೆ ಮೂಡಿಸಿದುದು ಅವರ ಪ್ರಸಿದ್ಧ ಕೆಲಸಗಳಲ್ಲೊಂದು. ಈ ವಿದ್ಯೆಯ ಕಾಠಿಣ್ಯವನ್ನು ಬಲ್ಲವರೇ ಬಲ್ಲರು. ದಂತವು ನೀರನ್ನು ಹೀರುವುದಿಲ್ಲ. ಬಣ್ಣವನ್ನು ಒಮ್ಮೆಗೇ ಬಳಿದರೆ ಅದು ಹರಿದು ಕೆಡುತ್ತದೆ. ಆದುದರಿಂದ ಸೂಜಿಯ ಮೊನೆಯಂಥ ಕುಂಚದಿಂದ ಚುಕ್ಕೆ ಚುಕ್ಕೆಯಾಗಿ, ಎಳೆ ಎಳೆಯಾಗಿ ಬಣ್ಣವನ್ನು ಕೂರಿಸಬೇಕು. ದಂತದ ಸ್ವಂತ ಬೆಳ್ಪು ಬಣ್ಣದ ಕೆಳಗಿನಿಂದ ತೋರಿ ಮುಖಕ್ಕೆ ಜೀವಕಳೆಯನ್ನು ಕೊಡುತ್ತದೆ. ಇಂಥ ಚಿತ್ರಕ್ಕೆ ಹಿಡಿಯುವ ದಿನಗಳನ್ನು ಅದರ ಅಂಗುಲಗಳಿಂದ ಅಳೆಯಬಂದೀತೆ? ದೊಡ್ಡ ಚಿತ್ರಕ್ಕೆ ದೊಡ್ಡ ಬೆಲೆ, ಚಿಕ್ಕ ಚಿತ್ರಕ್ಕೆ ಚಿಕ್ಕ ಬೆಲೆ ಎಂಬ ಬಜಾರದ ಲೆಕ್ಕವು ಇಲ್ಲಿ ಸೋಲುತ್ತದೆ.

ಇಷ್ಟರಲ್ಲಿ ಅವರ ಬಾಳಿನಲ್ಲಿ ಮತ್ತೊಂದು ಪ್ರೇಮವು ಪ್ರವೇಶಿಸಿತು. ಅದು ವೀಣೆ. ಆಸ್ಥಾನದ ವೈಣಿಕರಾದ ವೀಣೆ ಶೇಷಣ್ಣನವರಲ್ಲಿ ಅವರು ಶಿಷ್ಯವೃತ್ತಿ ಕೈಕೊಂಡರು. ನುರಿತ ಚಿತ್ರಕಾರನೊಬ್ಬನು ಮೂವತ್ತು ದಾಟಿದ ಮೇಲೆ ಬಾಲಕನಂತೆ ಸರಳೆಯಿಂದ ಮೊದಲುಮಾಡಿ ವೀಣೆ ಕಲಿಯಲು ಕುಳಿತುದು ಲೋಕಕ್ಕೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಕುಂಚಕ್ಕೆ ಸಲ್ಲಬೇಕಾದ ಎಷ್ಟೋ ಗಂಟೆಗಳನ್ನು ಅವರು ತಂತಿಗೆ ಕೊಟ್ಟರು. ತಮ್ಮ ಈ ಹುಚ್ಚನ್ನು ಕುರಿತು ತಾವೇ ಒಂದು ಚಿತ್ರವನ್ನು ಬರೆದು, ವೀಣೆಯ ಹುಚ್ಚು ಎಂಬರ್ಥದ ಹೆಸರನ್ನೇ ಅದಕ್ಕಿಟ್ಟರು. ತನ್ನನ್ನು ತಾನೇ ನೋಡಿ ನಗಬಲ್ಲ ಈ ಗುಣವು ಅಷ್ಟು ಕಠೋರವಾದ ಮನುಷ್ಯನಲ್ಲಿ ಇದ್ದಿತೆಂಬುದು ಸಂತೋಷದ ಸಂಗತಿ. 1926ರಲ್ಲಿ ಶೇಷಣ್ಣನವರು ಕಾಲವಾದರು. ವೀಣೆಯು ಶಿಷ್ಯನ ಮನೆಯಲ್ಲಿ ಉಳಿಯಿತು.

1920ರ ದಶಕದಲ್ಲಿ ಅವರು ಉದಕಮಂಡಲದಲ್ಲಿಯೂ 1930ರ ದಶಕದಲ್ಲಿ ಕೊಡೈಕಾನಲಿನಲ್ಲಿಯೂ ಬರೆದ ನಿಸರ್ಗಚಿತ್ರಗಳು ಅವರ ಕೀರ್ತಿಗೆ ಕಲಶವಿಟ್ಟಂತಿವೆ. ಉದಕಮಂಡಲದಲ್ಲಿ ಮೈಸೂರು ಅರಸರ ಬೇಸಗೆಯ ಅರಮನೆಯಿದ್ದಿತು. ರಾಜಪರಿವಾರವು ಬಿಸಿಲಿನ ದಿನಗಳನ್ನು ಅಲ್ಲಿ ಕಳೆಯುತ್ತಿದ್ದಿತು. ವೆಂಕಟಪ್ಪನವರು ಅಲ್ಲಿ ಕಂಡುದು ಅರಮನೆಯ ವೈಭವವನ್ನಲ್ಲ. ಗುಡ್ಡದ ಸಾಲಿನ ಮೇಲೆ ಮೋಡವು ಒಡೆಯುವ ಗಳಿಗೆಯನ್ನು, ಬೆಳಗಿನ ಮಂಜಿನೊಳಗೆ ನಿಂತ ಮರಗಳನ್ನು, ಬೆಳದಿಂಗಳನ್ನು. ಹಿಂದಿನ ಚಿತ್ರಗಾರರು ಗಿಡಮರಗಳನ್ನು ದೇವತೆಗಳ ಹಿಂದಿನ ಅಲಂಕಾರವಾಗಿ ಬರೆಯುತ್ತಿದ್ದರು; ಇವರು ದೇವತೆಯಿಲ್ಲದ ಬೆಟ್ಟವನ್ನೇ ದೇವತೆಯೆಂಬಂತೆ ಬರೆದರು. ತೆಳುವಾದ ಜಲವರ್ಣದಲ್ಲಿ ಅಷ್ಟು ದೂರದ ಬೆಳಕನ್ನು ಹಿಡಿದಿಟ್ಟ ಕನ್ನಡ ಚಿತ್ರಕಾರರು ಅವರಿಗಿಂತ ಮೊದಲು ನಮಗೆ ಕಾಣುವುದಿಲ್ಲ.

ನಡುವಯಸ್ಸು ಕಳೆದ ಮೇಲೆ ಅವರು ಅರಮನೆಗಾಗಿ ಗಚ್ಚಿನಂಥ ಬಿಳಿಯ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡತೊಡಗಿದರು. ಶಿವನ ತಾಂಡವ, ಪತಿಗೃಹಕ್ಕೆ ಹೊರಟ ಶಕುಂತಲೆ ಮೊದಲಾದವು ಅವುಗಳ ವಸ್ತುಗಳು. ಕಾಗದದ ಮೇಲೆ ನೆರಳನ್ನು ಬಣ್ಣದಿಂದ ತರಬೇಕು. ಉಬ್ಬುಶಿಲ್ಪದಲ್ಲಿ ಬೆಳಕೇ ಬಂದು ನೆರಳನ್ನು ಬರೆಯುತ್ತದೆ. ಚಿತ್ರಗಾರರ ಮನೆಯಲ್ಲಿ ಚಿನ್ನದ ಆಭರಣವನ್ನು ಕೂದಲಿನಷ್ಟು ಉಬ್ಬಿಸುವ ಕೆಲಸವನ್ನು ಎಳೆತನದಲ್ಲಿ ಕಂಡಿದ್ದ ಕಣ್ಣು ಇಲ್ಲಿ ಮತ್ತೊಂದು ವೇಷದಲ್ಲಿ ತನ್ನ ಮನೆತನದ ವಿದ್ಯೆಗೆ ಮರಳಿತೆಂದು ಹೇಳಬಹುದು. ಕೆಲಸವು ಬಹಳ ನಿಧಾನವಾಗಿ ಸಾಗಿತು. ಒಪ್ಪುವವರೆಗೆ ಮುಗಿಸುವುದು ಅವರ ಸ್ವಭಾವವಲ್ಲ. ಮುಗಿಯುವವರೆಗೆ ಒಪ್ಪಿಸುವುದೂ ಅವರ ಸ್ವಭಾವವಲ್ಲ.

1940ರ ಆಗಸ್ಟ್ ತಿಂಗಳಲ್ಲಿ ನಾಲ್ವಡಿಯವರು ಸ್ವರ್ಗಸ್ಥರಾದರು. ವೆಂಕಟಪ್ಪನವರ ಬಾಳಿನ ಆಧಾರಸ್ತಂಭವೇ ಅಂದು ಉರುಳಿತು. ಅವರನ್ನು ಹದಿನಾರರ ಹುಡುಗನಾಗಿ ಕಂಡವರು, ಅವರ ನಿಧಾನವನ್ನು ಸಹಿಸಿದವರು, ಅವರ ಮಾತಿನ ಬಿರುಸಿನ ಹಿಂದಿನ ನಿಷ್ಠೆಯನ್ನು ಅರಿತವರು ಆ ಪ್ರಭುಗಳೊಬ್ಬರೇ. ಇಬ್ಬರ ನಡುವಿನ ನಂಬಿಕೆಯು ವ್ಯಕ್ತಿಗಳ ನಂಬಿಕೆಯಾಗಿದ್ದಿತೇ ಹೊರತು ಕಾಗದಪತ್ರದ ಒಡಂಬಡಿಕೆಯ ಬಲವು ಅದಕ್ಕಿರಲಿಲ್ಲ. ಪ್ರಭುವು ಹೋದ ಮೇಲೆ ಉಳಿದುದು ಇಲಾಖೆ ಮತ್ತು ಲೆಕ್ಕ. ಅರಮನೆಗಾಗಿ ತಾವು ಮಾಡಿದ ಕೆಲಸಕ್ಕೆ ಸಲ್ಲತಕ್ಕ ಪ್ರತಿಫಲದ ವಿಷಯವಾಗಿ ಭಿನ್ನಾಭಿಪ್ರಾಯವುಂಟಾಗಿ, ಆ ವರ್ಷಗಳಲ್ಲಿ ವೆಂಕಟಪ್ಪನವರು ನ್ಯಾಯಾಸ್ಥಾನದ ಮೆಟ್ಟಿಲು ಹತ್ತಿದರು. ಆಸ್ಥಾನದ ಚಿತ್ರಗಾರನೊಬ್ಬನು ಆಸ್ಥಾನದ ಮೇಲೆಯೇ ದಾವೆ ಹೂಡಿದನು! ಮೈಸೂರಿನಂಥ ರಾಜಭಕ್ತ ನಗರದಲ್ಲಿ ಇದೆಂಥ ಸಾಹಸವೆಂಬುದನ್ನು ಇಂದಿನವರು ಊಹಿಸುವುದೂ ಕಷ್ಟ.

ಇದನ್ನು ಕೃತಘ್ನತೆಯೆಂದು ಎಣಿಸುವವರು ಇರಬಹುದು. ಅನ್ನವಿಟ್ಟ ಮನೆ, ವಿದ್ಯೆ ಕೊಟ್ಟ ಮನೆ; ಅದರೊಡನೆ ಲೆಕ್ಕದ ಮಾತೇ? ಈ ಆಕ್ಷೇಪದಲ್ಲಿ ಸತ್ಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎರಡನೆಯ ಪಕ್ಷವನ್ನೂ ಆಲೋಚಿಸಬೇಕು. ಕೊಟ್ಟ ವಿದ್ಯೆಯ ಋಣವನ್ನು ಕಲಿತವನು ಕೃತಜ್ಞತೆಯಿಂದ ತೀರಿಸಬೇಕು. ಮಾಡಿಸಿಕೊಂಡ ಕೆಲಸದ ಋಣವನ್ನು ಮಾಡಿಸಿಕೊಂಡವರು ಬೆಲೆಯಿಂದ ತೀರಿಸಬೇಕು. ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ಅಳಿಸಿದರೆ ಉಪಕಾರವು ಸಂಕೋಲೆಯಾಗುತ್ತದೆ. ತಲೆತಲಾಂತರದಿಂದ ನಮ್ಮ ಕುಶಲಿಗಳು ಕೊಟ್ಟುದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಂದರು. ಪ್ರಸಾದ ಬೇಡ, ಬೆಲೆ ಬೇಕು ಎಂದು ನ್ಯಾಯಾಧೀಶರ ಮುಂದೆ ನಿಂತು ಕೇಳಿದ ಚಿತ್ರಕಾರನು ತನ್ನೊಬ್ಬನಿಗಾಗಿ ಮಾತ್ರ ಕೇಳಿದನೆಂದು ನಮಗೆ ತೋರುವುದಿಲ್ಲ.

ಅನಂತರದ ಅವರ ಜೀವನವು ಬೆಂಗಳೂರಿನಲ್ಲಿ ಸಾಗಿತು. ಅವರು ವಿವಾಹವಾಗಲಿಲ್ಲ. ಬ್ರಹ್ಮಚಾರಿಯ ಮಿತವಾದ ಊಟ, ನಿಯಮದ ದಿನಚರಿ, ಕುಂಚ, ವೀಣೆ ಇಷ್ಟೇ ಅವರ ಸಂಸಾರ. ತಮ್ಮ ದಿನದಿನದ ಕೆಲಸವನ್ನು ವರ್ಷಗಟ್ಟಲೆ ಡೈರಿಗಳಲ್ಲಿ ಬರೆದಿಟ್ಟುದರಿಂದ, ಹಿಂದಿನ ಕಾಲದ ಚಿತ್ರಗಾರರ ವಿಷಯದಲ್ಲಿ ನಮಗೆ ಇಲ್ಲದ ಭಾಗ್ಯವು, ಅಂದರೆ ಒಬ್ಬ ಕುಶಲಿಯು ತನ್ನ ಹೊತ್ತನ್ನು ಹೇಗೆ ಕಳೆದನೆಂದು ಅವನ ಕೈಬರಹದಲ್ಲಿಯೇ ತಿಳಿಯುವ ಭಾಗ್ಯವು, ಅವರ ವಿಷಯದಲ್ಲಿ ದೊರೆತಿದೆ. ರಾಜಾಧಿಕಾರವು ಹೋಗಿ ಪ್ರಜಾಧಿಕಾರವು ಬಂದ ಮೇಲೆ ದೇಶವು ಅವರನ್ನು ನೆನೆಯಿತು. ದಿಲ್ಲಿಯ ಲಲಿತಕಲಾ ಅಕಾಡೆಮಿಯು 1964ರಲ್ಲಿ ಅವರಿಗೆ ತನ್ನ ಫೆಲೋಶಿಪ್ಪಿನ ಗೌರವವನ್ನಿತ್ತಿತು. ಮರುವರ್ಷವೇ, 1965ರಲ್ಲಿ, ಅವರು ಇಹಲೋಕವನ್ನು ಬಿಟ್ಟರು.

ಮಹನೀಯರ ಚರಿತ್ರೆ ಬರೆಯುವಾಗ ಗುಣಗಳನ್ನು ಮಾತ್ರ ಎಣಿಸಿ ಮುಗಿಸುವುದು ನಮ್ಮ ಪದ್ಧತಿಯಲ್ಲ. ವೆಂಕಟಪ್ಪನವರು ಬರೆದುದು ಹೆಚ್ಚಲ್ಲ. ನಂದಲಾಲರಂತೆ ಒಂದು ದೊಡ್ಡ ಶಿಷ್ಯಪರಂಪರೆಯನ್ನು ಅವರು ಕಟ್ಟಲಿಲ್ಲ. ಅವರ ಏಕಾಂತವು ಕಲೆಯನ್ನು ಕಾಯಿತು. ಕಲೆಯನ್ನು ಹಂಚುವುದಕ್ಕೆ ಅದು ಅಡ್ಡಿಯೂ ಆಯಿತು. ಹತ್ತಾರು ತರುಣರು ಅವರ ಬಳಿ ಕುಳಿತು ಕಲಿತಿದ್ದರೆ ಮೈಸೂರಿನ ಚಿತ್ರಕಲೆಯ ಗತಿಯೇ ಬೇರೆಯಾಗುತ್ತಿದ್ದಿತೆಂದು ವ್ಯಥೆಪಡುವುದು ಸಹಜ. ಆದರೆ ಅವರು ಅಂಥ ಮನುಷ್ಯರಾಗಿರದಿದ್ದರೆ ಅರಮನೆಯ ಎದುರು ನಿಲ್ಲುವ ಬೆನ್ನೆಲುಬೂ ಅವರಲ್ಲಿ ಇರುತ್ತಿರಲಿಲ್ಲ. ಒಂದೇ ಗುಣವು ಒಂದು ಕಡೆ ಕೊರತೆಯಾಗಿ, ಮತ್ತೊಂದು ಕಡೆ ಬಲವಾಗಿ ಕಾಣಿಸಿತು.

ಅವರ ಕೃತಿಗಳು ಸರಕಾರದ ವಶಕ್ಕೆ ಬಂದು, 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ ಅವರ ಹೆಸರಿನ ಚಿತ್ರಶಾಲೆಯು ತೆರೆಯಿತು. ರಾಜನ ಹೆಸರಿನಲ್ಲಲ್ಲ, ಮಂತ್ರಿಯ ಹೆಸರಿನಲ್ಲಲ್ಲ, ಚಿತ್ರಗಾರನ ಹೆಸರಿನಲ್ಲಿ! ಆದರೆ ಆ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಸುವ ಏರ್ಪಾಡಿಗೆ ಸರಕಾರವು ಮುಂದಾದಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಸಾರ್ವಜನಿಕರ ಚಿತ್ರಶಾಲೆಯು ಸಾರ್ವಜನಿಕರದಾಗಿಯೇ ಉಳಿಯಬೇಕೆಂಬುದು ಅವರ ವಾದವಾಗಿದ್ದಿತು. ಯಜಮಾನನು ಯಾರು, ಕಲೆಯು ಯಾರ ಸ್ವತ್ತು, ಮಾತು ಕೊಟ್ಟವರು ಹೋದ ಮೇಲೆ ಆ ಮಾತಿಗೆ ಹೊಣೆ ಯಾರು ಎಂದು 1940ರ ನಂತರ ಎದ್ದ ಪ್ರಶ್ನೆಗಳೇ ಎಪ್ಪತ್ತು ವರ್ಷಗಳ ಮೇಲೆ ಅದೇ ಚಿತ್ರಗಾರನ ಬಾಗಿಲಲ್ಲಿ ಮತ್ತೊಮ್ಮೆ ಎದ್ದುವು.

ಈಗ ರಾಜರಿಲ್ಲ, ಆಸ್ಥಾನಗಳಿಲ್ಲ. ಆ ಸ್ಥಾನದಲ್ಲಿ ಇರುವವರು ನಾವೇ: ದೇವಸ್ಥಾನದ ಕಮಿಟಿಯವರು, ಪಂಚಾಯತಿಯವರು, ಶಾಲೆಯ ಗೋಡೆಗೆ ಚಿತ್ರ ಬರೆಸುವವರು, ಕಚೇರಿಯಲ್ಲಿ ಬಿಲ್ಲಿಗೆ ರುಜು ಹಾಕುವ ಅಧಿಕಾರಿಗಳು. ನಾಲ್ವಡಿಯವರಂತೆ ಬಡ ಹುಡುಗನ ಕೈಚಳಕವನ್ನು ಗುರುತಿಸಿ ವಿದ್ಯೆ ಕೊಡಿಸುವ ಕಣ್ಣು ನಮ್ಮಲ್ಲಿದೆಯೇ? ಇದ್ದರೆ, ಆ ಹುಡುಗನು ದೊಡ್ಡವನಾಗಿ ಬಂದು ತನ್ನ ಕೆಲಸಕ್ಕೆ ಬೆಲೆ ಕೇಳಿದಾಗ ಸಿಡಿಮಿಡಿಗೊಳ್ಳದೆ ಕೊಡುವ ಮನಸ್ಸಿದೆಯೇ? ಮುಂದಿನ ಜಾತ್ರೆಗೆ ಮೆಣಸಗಿಯಲ್ಲಾಗಲಿ, ಹೊಳೆಆಲೂರಿನಲ್ಲಾಗಲಿ, ಗಜೇಂದ್ರಗಡದಲ್ಲಾಗಲಿ ಚಿತ್ರಗಾರನು ಬಂದು ಬಣ್ಣದ ಬಟ್ಟಲುಗಳನ್ನು ಹರವಿಕೊಂಡು ಕುಳಿತಾಗ, ಕೆಲಸ ಮೊದಲಾಗುವುದಕ್ಕೆ ಮುಂಚೆಯೇ ಅವನ ಕೂಲಿಯೆಷ್ಟೆಂದು ಕೇಳಿ ಕಾಗದದ ಮೇಲೆ ಬರೆದುಕೊಳ್ಳಿರಿ. ಕಣ್ಣು ಬರೆದು ಎದ್ದ ಮೇಲೆ ಅವನ ಹೆಸರನ್ನೂ, ಅವನ ತಂದೆಯ ಹೆಸರನ್ನೂ, ಊರನ್ನೂ ಕೇಳಿ, ಗುಡಿಯ ಲೆಕ್ಕದ ಪುಸ್ತಕದಲ್ಲಿ ದಾನಿಗಳ ಹೆಸರಿನ ಸಾಲಿನಲ್ಲಿಯೇ ಬರೆಯಿಸಿರಿ. ಇದಕ್ಕೆ ತಗಲುವ ವೆಚ್ಚವು ಒಂದು ಹನಿ ಮಸಿ ಮಾತ್ರ.